ದಾದಿಯ ಬೊಂಬೆ

ಬೃಹನ್ನಳೆಯು ಸಾರಥಿಯಾಗಿ ಕೌರವಸೇನೆಯ ಮೇಲೆ ಹೊರಟಾಗ ವಿರಾಟನ ಮಗಳು ಉತ್ತರೆಯು ಬೇಡಿದ್ದು ಏನೆಂಬುದನ್ನು ಭಾರತವನ್ನು ಓದಿದವರು ಬಲ್ಲರು. ತನ್ನ ಬೊಂಬೆಗಳಿಗೆ ಉಡಿಸುವುದಕ್ಕಾಗಿ, ಸೋತ ಕೌರವರ ಮೈಮೇಲಿನ ನುಣುಪಾದ ಬಣ್ಣಬಣ್ಣದ ವಸ್ತ್ರಗಳನ್ನು ತರಬೇಕೆಂದು ಆ ಬಾಲೆ ಕೇಳಿಕೊಂಡಳು. ಅರ್ಜುನನು ಆ ಮಾತನ್ನು ಮರೆಯಲಿಲ್ಲ. ಸಮ್ಮೋಹನಾಸ್ತ್ರದಿಂದ ವೀರರು ಮೈಮರೆತು ಬಿದ್ದಾಗ ದ್ರೋಣ ಕೃಪರ ಬಿಳಿಯ ವಸ್ತ್ರಗಳನ್ನೂ ಕರ್ಣನ ಹಳದಿ ವಸ್ತ್ರವನ್ನೂ ಅಶ್ವತ್ಥಾಮ ದುರ್ಯೋಧನರ ನೀಲಿಯ ವಸ್ತ್ರಗಳನ್ನೂ ಬಿಚ್ಚಿ ತರುವಂತೆ ಉತ್ತರಕುಮಾರನಿಗೆ ಹೇಳಿದನು. ಗೋಗ್ರಹಣದಂತಹ ದೊಡ್ಡ ಕದನದ ನೆನಪು ಕಟ್ಟಕಡೆಗೆ ಒಂದು ಹುಡುಗಿಯ ಬೊಂಬೆಗಳ ಮೈಮೇಲೆ ಉಳಿಯಿತು. ನಡೆದುಹೋದ ಒಂದು ಸಂಗತಿಯ ಗುರುತಾಗಿ ಬೊಂಬೆಯನ್ನು ಮಾಡಿ, ಉಡಿಸಿ, ಕಾಪಾಡಿಕೊಳ್ಳುವ ವಾಡಿಕೆಗೆ ಇದಕ್ಕಿಂತ ಹಳೆಯ ಸಾಕ್ಷಿಯನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯವಿಲ್ಲ.

ಇಂದು ಪರದೇಶಗಳಲ್ಲಿ ಬೊಂಬೆಗಳನ್ನು ಸಂಗ್ರಹಿಸುವುದು ದೊಡ್ಡವರ ಹವ್ಯಾಸವಾಗಿದೆ. ಅದರಲ್ಲಿಯೂ ದಾದಿಯರ ಬೊಂಬೆಗಳನ್ನು ಮಾತ್ರ ಕೂಡಿಡುವವರು ಕೆಲವರು. ಯುದ್ಧ, ಪ್ರವಾಹ, ಭೂಕಂಪ ಮೊದಲಾದ ವಿಪತ್ತುಗಳಲ್ಲಿ ಜನರಿಗೆ ನೆರವಾದವರ ಜ್ಞಾಪಕಕ್ಕಾಗಿ ಮಾಡಿದ ಬೊಂಬೆಗಳನ್ನು ಅರಸುವವರು ಇನ್ನು ಕೆಲವರು. ಇದನ್ನು ಕೇಳಿದಾಗ ನಮ್ಮ ಕಡೆಯವರಿಗೆ ನಗು ಬರಬಹುದು. ಆದರೆ ನವರಾತ್ರಿಗೆ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ, ಮುತ್ತಜ್ಜಿಯ ಕಾಲದ ಬೊಂಬೆಗಳನ್ನು ಒಂದೊಂದಾಗಿ ಒರೆಸಿ ಮೆಟ್ಟಿಲ ಮೇಲಿಡುವ ನಮ್ಮ ಗೃಹಿಣಿಯರು ಮಾಡುವುದಾದರೂ ಏನು? ಅವರು ಅದನ್ನು ಸಂಗ್ರಹವೆಂದು ಕರೆಯುವುದಿಲ್ಲ, ಹಬ್ಬವೆಂದು ಕರೆಯುತ್ತಾರೆ, ಅಷ್ಟೇ ವ್ಯತ್ಯಾಸ. ಆ ಮೆಟ್ಟಿಲುಗಳ ಮೇಲೆ ಯಾರು ಯಾರಿಗೆ ಎಡೆ ದೊರೆತಿದೆ, ಯಾರಿಗೆ ದೊರೆತಿಲ್ಲ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬೊಂಬೆಯ ಹಬ್ಬವನ್ನು ನಮ್ಮ ಜನ ವಿಜಯನಗರದ ಮಹಾನವಮಿಯೊಂದಿಗೆ ಸೇರಿಸಿ ಹೇಳುವುದುಂಟು. ಆ ಮಹಾನವಮಿಯ ವೈಭವವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ತರುವಾಯ ಕಟ್ಟಿದ ಇಂದಿನ ಅರಮನೆಯಲ್ಲಿ ‘ಗೊಂಬೆ ತೊಟ್ಟಿ’ ಎಂಬ ಪ್ರತ್ಯೇಕ ಅಂಕಣವೇ ಉಂಟು. ಅಲ್ಲಿ ನಮ್ಮ ದೇಶದ ಬೊಂಬೆಗಳ ಜೊತೆಗೆ ಯುರೋಪಿನಿಂದ ಬಂದ ಬೊಂಬೆಗಳನ್ನೂ ನೋಡಬಹುದು. ಅರಮನೆಯ ಪದ್ಧತಿ ಊರಿಗೆ ಇಳಿಯಿತೋ, ಊರಿನ ಪದ್ಧತಿ ಅರಮನೆಗೆ ಏರಿತೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ.

ಸೇಲಂ, ಧರ್ಮಪುರಿ ಸೀಮೆಯ ಕನ್ನಡಿಗರಾದ ನಮಗೆ ಈ ಹಬ್ಬವು ಮೂರು ಹೆಸರುಗಳಲ್ಲಿ ಪರಿಚಿತ. ನಾವು ಬೊಂಬೆ ಕೂರಿಸುತ್ತೇವೆ. ಪಕ್ಕದ ಮನೆಯ ತಮಿಳರು ಕೊಲು ಇಡುತ್ತಾರೆ. ಎದುರು ಮನೆಯ ತೆಲುಗರು ಬೊಮ್ಮಲ ಕೊಲುವು ಮಾಡುತ್ತಾರೆ. ಹೊಸೂರು, ಡೆಂಕಣಿಕೋಟೆ, ಕೆಲಮಂಗಲದ ಕೇರಿಗಳಲ್ಲಿ ಮಕ್ಕಳು ಮೂರು ಭಾಷೆಯ ಮನೆಗಳನ್ನೂ ಸುತ್ತಿ ಬೊಂಬೆ ಬಾಗಿನದ ತಿಂಡಿಯನ್ನು ಒಂದೇ ಜೇಬಿನಲ್ಲಿ ತುಂಬಿಕೊಳ್ಳುತ್ತಾರೆ. (ಈ ಹೊಸೂರು, ಡೆಂಕಣಿಕೋಟೆಗಳು ಮೊದಲು ಸೇಲಂ ಜಿಲ್ಲೆಯಲ್ಲಿದ್ದು, 1965ರಲ್ಲಿ ಧರ್ಮಪುರಿಗೆ ಸೇರಿ, 2004ರಿಂದ ಕೃಷ್ಣಗಿರಿ ಜಿಲ್ಲೆಗೆ ಒಳಪಟ್ಟಿವೆ. ಜಿಲ್ಲೆಯ ಹೆಸರು ಎರಡು ಬಾರಿ ಬದಲಾದರೂ ಪೆಟ್ಟಿಗೆಯೊಳಗಿನ ಬೊಂಬೆಗಳು ಬದಲಾಗಲಿಲ್ಲ.)

ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕು. ಮೂರು, ಐದು, ಏಳು, ಒಂಬತ್ತು. ಅವುಗಳ ಮೇಲೆ ಬಿಳಿಯ ವಸ್ತ್ರ. ಎತ್ತರದ ಎಡೆಯಲ್ಲಿ ಪಟ್ಟದ ಬೊಂಬೆಗಳು, ಎಂದರೆ ರಾಜ ರಾಣಿಯರ ಮರದ ಜೋಡಿ. ಇವು ಮಗಳ ಮದುವೆಯಲ್ಲಿ ತವರುಮನೆಯವರು ಕೊಟ್ಟವು. ಆದ್ದರಿಂದ ಈ ಬೊಂಬೆಗಳು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಸಾಗುತ್ತವೆ. ಮನೆಯ ಹೆಣ್ಣುಮಕ್ಕಳ ವಂಶಾವಳಿಯನ್ನು ಬರೆದಿಡದ ನಮ್ಮ ಸಮಾಜದಲ್ಲಿ ಅದನ್ನು ಹೇಳಬಲ್ಲ ದಾಖಲೆ ಇದೊಂದೇ ಎಂದರೂ ಸಲ್ಲುತ್ತದೆ. ಅದರ ಕೆಳಗೆ ದಶಾವತಾರ, ರಾಮನ ಪಟ್ಟಾಭಿಷೇಕ ಮೊದಲಾದ ದೇವತಾವರ್ಗ. ಇನ್ನೂ ಕೆಳಗೆ ನಮ್ಮ ನಿಮ್ಮಂತಹ ಮನುಷ್ಯರ ಸಾಲು. ನನಗೆ ಯಾವಾಗಲೂ ರುಚಿಸುವುದು ಈ ಸಾಲೇ. ಧಾನ್ಯದ ಗುಡ್ಡೆಗಳ ನಡುವೆ ಡೊಳ್ಳುಹೊಟ್ಟೆಯ ಶೆಟ್ಟಿ, ಪಕ್ಕದಲ್ಲಿ ಶೆಟ್ಟಿಯ ಹೆಂಡತಿ; ಹಾವಾಡಿಗ, ಬಳೆಗಾರ, ಮೊಸರು ಮಾರುವವಳು, ಬಂದೂಕು ಹಿಡಿದ ಸಿಪಾಯಿ, ವಾದ್ಯಗಾರರು, ಮದುವೆಯ ದಿಬ್ಬಣ. ಸ್ವಾತಂತ್ರ್ಯ ಬಂದ ಕಾಲಕ್ಕೆ ಗಾಂಧೀಜಿಯೂ ನೆಹರೂರವರೂ ಈ ಸಾಲಿಗೆ ಬಂದು ನಿಂತರು. ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳು ಬಂದವು. ಹಡಗಿನಲ್ಲಿ ಬಂದ ಜರ್ಮನಿಯ ಪಿಂಗಾಣಿ ಹುಡುಗಿಯೂ ಜಪಾನಿನ ಸೆಲ್ಯುಲಾಯ್ಡ್ ಮಗುವೂ ಯಾರ ಜಾತಿಯನ್ನೂ ವಿಚಾರಿಸದೆ ಇಲ್ಲಿ ಕುಳಿತವು. ಒಟ್ಟಿನಲ್ಲಿ ಕಣ್ಣಿಗೆ ಬಿದ್ದವರಿಗೆಲ್ಲ ಇಲ್ಲಿ ಸ್ಥಳ ಸಿಕ್ಕಿತು.

ಆದರೆ ಹಳೆಯ ಪೆಟ್ಟಿಗೆಗಳಲ್ಲಿ ದಾದಿಯೊಬ್ಬಳನ್ನು ನಾನು ಕಂಡದ್ದಿಲ್ಲ. ಸೂಲಗಿತ್ತಿಯನ್ನೂ ಕಂಡದ್ದಿಲ್ಲ. ನಮ್ಮೆಲ್ಲರನ್ನೂ ಮೊದಲು ಕೈಯಲ್ಲಿ ಹಿಡಿದವಳು ಸೂಲಗಿತ್ತಿ. ಹಾವಾಡಿಗನಿಗೆ ದೊರೆತ ಎಡೆ ಆಕೆಗೆ ಏಕೆ ದೊರೆಯಲಿಲ್ಲ?

ಇದಕ್ಕೆ ಉತ್ತರವನ್ನು ನಮ್ಮ ಹಿರಿಯರು ರೋಗವನ್ನು ಕಂಡ ರೀತಿಯಲ್ಲಿ ಹುಡುಕಬೇಕು. ವಿಪತ್ತು ಬಂದಾಗ ಬೊಂಬೆಯನ್ನು ಮಾಡುವುದು ನಮ್ಮವರಿಗೆ ಹೊಸದಲ್ಲ. ಮಳೆ ಹೋದಾಗ ಹುಡುಗರು ಮಣ್ಣಿನ ಮಳೆರಾಯನನ್ನು ಮಾಡಿ, ತಲೆಯ ಮೇಲೆ ಹೊತ್ತು, ಮನೆಮನೆಯ ನೀರನ್ನು ಹೊಯ್ಯಿಸಿಕೊಳ್ಳುತ್ತಿದ್ದರು. ಸಿಡುಬು, ವಾಂತಿಭೇದಿಗಳು ಹಬ್ಬಿದಾಗ ಮಾರಿಯ ರೂಪವನ್ನು ಮಾಡಿ, ಪೂಜಿಸಿ, ಊರಿನ ಗಡಿಯಾಚೆಗೆ ಸಾಗಿಸಿ ಬರುತ್ತಿದ್ದರು. ಆಚೆ ಊರಿನವರು ಅದನ್ನು ತಮ್ಮ ಗಡಿಯಿಂದ ಇನ್ನೂ ಆಚೆಗೆ ಸಾಗಿಸುತ್ತಿದ್ದರು. ಗಡಿಯವರಾದ ನಮಗೆ ಈ ವ್ಯವಹಾರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ! ಹೀಗೆ ರೋಗಕ್ಕೆ ಒಂದು ಮೂರ್ತಿ ದೊರೆಯಿತು. ರೋಗಿಯ ಬಳಿ ಕುಳಿತವರಿಗೆ ದೊರೆಯಲಿಲ್ಲ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಇಲಿ ಬಿತ್ತೆಂದರೆ ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಬದುಕುತ್ತಿದ್ದ ಕಥೆಯನ್ನು ನಮ್ಮ ಮನೆಗಳ ಮುದುಕರು ಹೇಳುತ್ತಿದ್ದರು. ಆ ಭಯದಿಂದ ಹುಟ್ಟಿದ ಪ್ಲೇಗಮ್ಮನ ಗುಡಿಗಳು ಬೆಂಗಳೂರಿನಲ್ಲಿಯೂ ಕೊಯಮತ್ತೂರಿನಲ್ಲಿಯೂ ಇವೆ. ಇಂದಿಗೂ ಅಲ್ಲಿ ಪೂಜೆ ನಡೆಯುತ್ತದೆ. ಎಲ್ಲರೂ ಓಡಿದಾಗ ಓಡದೆ ನಿಂತವರೂ ಇದ್ದರು. ಪುಣೆಯ ಸಾವಿತ್ರೀಬಾಯಿ ಫುಲೆಯವರು ಪ್ಲೇಗು ತಗಲಿದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಗನ ಆಸ್ಪತ್ರೆಗೆ ಸಾಗಿಸಿದರು. ಅದೇ ರೋಗ ತಮಗೂ ತಗಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಅವರು ವೃತ್ತಿಯಿಂದ ಉಪಾಧ್ಯಾಯಿನಿ. ಆ ಕೊನೆಯ ದಿವಸಗಳಲ್ಲಿ ಅವರು ಮಾಡಿದ್ದು ದಾದಿಯ ಕೆಲಸ.

ದಾದಿಯ ವೃತ್ತಿಯನ್ನು ನಮ್ಮ ಮೇಲ್ವರ್ಗದ ಮನೆಗಳವರು ಬಹುಕಾಲ ಗೌರವದಿಂದ ಕಾಣಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಪರರ ಮೈಮುಟ್ಟಬೇಕು, ಮಲಮೂತ್ರಗಳನ್ನು ಎತ್ತಬೇಕು, ರಾತ್ರಿಯಲ್ಲಿ ಮನೆಯಿಂದ ಹೊರಗಿರಬೇಕು. ಇಂತಹ ಕೆಲಸಕ್ಕೆ ಮಗಳನ್ನು ಕಳುಹಿಸುವುದುಂಟೇ ಎನ್ನುತ್ತಿದ್ದರು. ಆದಕಾರಣ ನಮ್ಮ ಆಸ್ಪತ್ರೆಗಳಲ್ಲಿ ಬಹುಕಾಲ ಈ ಭಾರವನ್ನು ಹೊತ್ತವರು ಹೆಚ್ಚಾಗಿ ಕ್ರೈಸ್ತ ಹೆಣ್ಣುಮಕ್ಕಳು, ಅದರಲ್ಲಿಯೂ ಕೇರಳದವರು. ಅವರನ್ನು ‘ಸಿಸ್ಟರ್’ ಎಂದು ಕರೆದೆವು. ಆ ಮಾತಿನ ಅರ್ಥ ಸಹೋದರಿ ಎಂಬುದನ್ನು ಎಷ್ಟು ಮಂದಿ ನೆನೆದರೋ ತಿಳಿಯದು. ಇನ್ನೊಂದು ಕಾರಣವೂ ಇದ್ದೀತೆಂದು ನನಗೆ ತೋರುತ್ತದೆ. ದಾದಿಯ ಉಡುಪು ಬಿಳಿಯ ಸೀರೆ. ಮಂಗಳಕರವಾದ ಹಬ್ಬದ ಮೆಟ್ಟಿಲ ಮೇಲೆ ಬಿಳಿಯ ಸೀರೆಯ ಹೆಂಗಸನ್ನು ಕೂರಿಸುವುದಕ್ಕೆ ನಮ್ಮ ಮುತ್ತೈದೆಯರ ಕೈ ಹಿಂಜರಿದಿರಬೇಕು. ಆದರೆ ಅದೇ ನವರಾತ್ರಿಯಲ್ಲಿ ಅದೇ ಮೆಟ್ಟಿಲ ಮುಂದೆ ಪೂಜೆಗೊಳ್ಳುವ ಸರಸ್ವತಿಯ ಸೀರೆಯ ಬಣ್ಣ ಯಾವುದು?

ಸೂಲಗಿತ್ತಿಯರ ವಿಷಯದಲ್ಲಿ ನಮ್ಮ ಕಾಲದಲ್ಲಿ ಈ ಋಣ ಸ್ವಲ್ಪಮಟ್ಟಿಗೆ ತೀರಿತು. ಪಾವಗಡ ತಾಲ್ಲೂಕಿನ ನರಸಮ್ಮನವರು ಹದಿನೈದು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದವರು. ಭಾರತ ಸರ್ಕಾರವು 2018ರಲ್ಲಿ ಅವರಿಗೆ ಪದ್ಮಶ್ರೀ ನೀಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಾಲವಾದರು. ಪಾವಗಡವೂ ನಮ್ಮಂತೆಯೇ ಗಡಿಯ ಸೀಮೆ.

ಇನ್ನು ಪಶ್ಚಿಮದ ಕಡೆಗೆ ನೋಡೋಣ. ಅಲ್ಲಿಯೂ ದಾದಿಗೆ ಮೊದಲಿನಿಂದ ಮಾನವಿರಲಿಲ್ಲ. ಕ್ರಿಮಿಯಾ ಯುದ್ಧದಲ್ಲಿ ಗಾಯಗೊಂಡ ಆಂಗ್ಲ ಸೈನಿಕರು ತುರ್ಕಿಯ ಸ್ಕುಟಾರಿಯ ಆಸ್ಪತ್ರೆಯಲ್ಲಿ ಕೊಳೆಯ ನಡುವೆ ಸಾಯುತ್ತಿದ್ದಾಗ, 1854ರ ನವೆಂಬರಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಎಂಬ ಶ್ರೀಮಂತ ಮನೆತನದ ಹೆಣ್ಣುಮಗಳು 38 ಮಂದಿ ದಾದಿಯರೊಡನೆ ಅಲ್ಲಿಗೆ ಹೋದಳು. ರಾತ್ರಿಯಲ್ಲಿ ದೀಪವನ್ನು ಹಿಡಿದು ರೋಗಿಯಿಂದ ರೋಗಿಗೆ ನಡೆದ ಆಕೆಯ ಕಥೆ ನಮ್ಮ ಶಾಲೆಯ ಮಕ್ಕಳಿಗೂ ಪಾಠವಾಗಿ ಬಂದಿದೆ. ಯುದ್ಧ ಮುಗಿಯುವ ಮುನ್ನವೇ ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ಕುಂಬಾರರು ಆಕೆಯ ಮಣ್ಣಿನ ಬೊಂಬೆಗಳನ್ನು ಮಾಡಿ ಮಾರಿದರು. ಬಡ ಕೂಲಿಗಾರರ ಮನೆಯ ಒಲೆಯ ಮೇಲಿನ ಹಲಗೆಯಲ್ಲಿ ಅವು ನಿಂತವು. ರಾಜರಾಣಿಯರೂ ಸೇನಾಪತಿಗಳೂ ನಿಲ್ಲುತ್ತಿದ್ದ ಆ ಹಲಗೆಯ ಮೇಲೆ ರೋಗಿಯ ಸೇವೆ ಮಾಡಿದವಳೊಬ್ಬಳು ಹೀಗೆ ಬಂದು ನಿಂತದ್ದು ಸಾಮಾನ್ಯವಾದ ಸಂಗತಿಯಲ್ಲ. ಆಕೆ ಭಾರತಕ್ಕೆ ಎಂದೂ ಬರಲಿಲ್ಲ. ಆದರೂ ನಮ್ಮ ದೇಶದ ಊರುಗಳ ನೀರು, ಚರಂಡಿ, ನೈರ್ಮಲ್ಯಗಳ ವಿಷಯವಾಗಿ ದಶಕಗಳ ಕಾಲ ವರದಿಗಳನ್ನೂ ಪತ್ರಗಳನ್ನೂ ಬರೆದಳು. ಆಕೆಯ ಜನ್ಮದಿನವಾದ ಮೇ 12ನ್ನು ಇಂದು ಲೋಕವೆಲ್ಲ ದಾದಿಯರ ದಿನವಾಗಿ ಆಚರಿಸುತ್ತದೆ.

ಸಂಗ್ರಾಹಕರು ಈ ನೈಟಿಂಗೇಲ್ ಬೊಂಬೆಗಳಲ್ಲಿ ಮೊದಲು ಪರೀಕ್ಷಿಸುವುದು ದೀಪವನ್ನು. ಅನೇಕ ಬೊಂಬೆಗಳ ಕೈಯಲ್ಲಿ ಹಿಡಿಯುಳ್ಳ, ಮೂತಿಯುಳ್ಳ ಎಣ್ಣೆಯ ದೀಪವಿರುತ್ತದೆ. ಅರೇಬಿಯದ ಕಥೆಗಳ ಚಿತ್ರಗಳಲ್ಲಿ ಕಾಣುವಂಥದು. ಆಕೆ ನಿಜವಾಗಿ ಹಿಡಿದದ್ದು ಹಾಗಲ್ಲ. ಅದು ತುರ್ಕಿಯ ಫಾನೂಸು. ಬಟ್ಟೆಯ ಸುತ್ತುಗೋಡೆಯನ್ನು ಮಡಿಚಿಡಬಹುದಾದ ಲಾಟೀನು. ಗಾಳಿ ಬೀಸುವ ಮೈಲುದ್ದದ ಓಣಿಗಳಲ್ಲಿ ತೆರೆದ ಸೊಡರನ್ನು ಹಿಡಿದು ನಡೆಯುವುದಾದರೂ ಹೇಗೆ? ಚಿತ್ರಗಾರನೂ ಬೊಂಬೆಗಾರನೂ ಸೇರಿ ಆಕೆಯ ಕೈಯ ದೀಪವನ್ನೇ ಬದಲಾಯಿಸಿಬಿಟ್ಟರು. ಇಂದು ನಮ್ಮ ದಾದಿಯರ ಶಾಲೆಗಳಲ್ಲಿ ಪ್ರತಿಜ್ಞೆಯ ದಿವಸ ಹುಡುಗಿಯರು ಹಿಡಿಯುವ ದೀಪಕ್ಕೂ ಆ ಚಿತ್ರದ ದೀಪವೇ ಮಾದರಿಯಾಗಿರಬೇಕು.

ಬಿಳಿಯ ಮೇಲೆ ಕೆಂಪು ಶಿಲುಬೆಯ ಗುರುತು ಬೊಂಬೆಗಳಿಗೆ ಬಂದದ್ದು ಇನ್ನೊಂದು ಯುದ್ಧದಿಂದ. 1859ರ ಜೂನ್ 24ರಂದು ಇಟಲಿಯ ಸಾಲ್ಫೆರಿನೊ ಎಂಬಲ್ಲಿ ನಡೆದ ಕಾಳಗದ ತರುವಾಯ ಸಾವಿರಾರು ಗಾಯಾಳುಗಳು ದಿಕ್ಕಿಲ್ಲದೆ ಬಿದ್ದಿದ್ದನ್ನು ವ್ಯಾಪಾರಕ್ಕೆಂದು ಹೊರಟಿದ್ದ ಸ್ವಿಟ್ಜರ್ಲೆಂಡಿನ ಹೆನ್ರಿ ಡ್ಯುನಾಂಟ್ ಕಂಡನು. ಆ ಊರಿನ ಸುತ್ತಮುತ್ತಲ ಹೆಂಗಸರನ್ನು ಕೂಡಿಸಿ, ಶತ್ರು ಮಿತ್ರರೆಂಬ ಭೇದವಿಲ್ಲದೆ ಶುಶ್ರೂಷೆ ಮಾಡಿಸಿದನು. ಅದರ ಫಲವಾಗಿ 1863ರಲ್ಲಿ ರೆಡ್ ಕ್ರಾಸ್ ಹುಟ್ಟಿತು; 1864ರಲ್ಲಿ ಜಿನೀವಾ ಒಪ್ಪಂದವಾಯಿತು. ಸ್ವಿಸ್ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿದರೆ ರೆಡ್ ಕ್ರಾಸ್ ಗುರುತು. ಭಾರತದಲ್ಲಿ ಈ ಸಂಸ್ಥೆ 1920ರಲ್ಲಿ ಸ್ಥಾಪಿತವಾಯಿತು. ಎರಡು ಮಹಾಯುದ್ಧಗಳ ಕಾಲದಲ್ಲಿ ಈ ಗುರುತನ್ನು ಧರಿಸಿದ ದಾದಿಯ ಬೊಂಬೆಗಳು ಯುರೋಪ್ ಅಮೆರಿಕಗಳ ಮಕ್ಕಳ ಕೈಗೆ ಬಂದವು. ಈ ಗುರುತನ್ನು ಮನಬಂದಂತೆ ಬಳಸುವುದನ್ನು ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯಿದೆಯು ನಿಷೇಧಿಸುತ್ತದೆ. ಯುದ್ಧಭೂಮಿಯಲ್ಲಿ ಜೀವ ಉಳಿಸುವ ಚಿಹ್ನೆ ಅಂಗಡಿಯ ಅಲಂಕಾರವಾಗಬಾರದೆಂಬ ಎಚ್ಚರ ಇದರಲ್ಲಿದೆ.

ಆದರೆ ಸೇವೆಯ ಹೆಸರನ್ನು ಹೊತ್ತ ಬೊಂಬೆಗಳೆಲ್ಲವೂ ಸೇವೆಯ ಸ್ಮಾರಕಗಳೇ ಎಂದು ನಂಬಬಾರದು. ಕೆನಡಾದೇಶದ ಆಂಟೇರಿಯೊ ಪ್ರಾಂತದಲ್ಲಿ 1934ರ ಮೇ 28ರಂದು ಒಬ್ಬ ಬಡ ತಾಯಿಗೆ ಐದು ಹೆಣ್ಣುಮಕ್ಕಳು ಒಮ್ಮೆಗೇ ಹುಟ್ಟಿ ಐವರೂ ಬದುಕಿದರು. ಡಿಯೊನ್ ಸಹೋದರಿಯರೆಂದು ಹೆಸರಾದ ಈ ಕೂಸುಗಳ ಬೊಂಬೆಗಳನ್ನು ಅಮೆರಿಕದ ಮೇಡಂ ಅಲೆಕ್ಸಾಂಡರ್ ಕಂಪೆನಿಯು ಮಾಡಿತು. ಜೊತೆಗೆ ಅವರ ವೈದ್ಯನ ಬೊಂಬೆ, ದಾದಿಯ ಬೊಂಬೆ. ಇಂದು ಅವುಗಳಿಗೆ ಸಂಗ್ರಾಹಕರಲ್ಲಿ ಬಹಳ ಬೇಡಿಕೆ. ಅಂದು ನಡೆದದ್ದೇನು? ಆ ಪ್ರಾಂತದ ಸರ್ಕಾರವು ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಿ, ಆರೈಕೆಯ ನೆಪದಿಂದ ಒಂದು ಆವರಣದಲ್ಲಿರಿಸಿ, ಪ್ರವಾಸಿಗಳಿಗೆ ತೋರಿಸಿತು, ನೋಡಿಹೋದವರು ಲಕ್ಷಗಟ್ಟಲೆ. 1998ರಲ್ಲಿ, ಬದುಕಿ ಉಳಿದಿದ್ದ ಸಹೋದರಿಯರಿಗೆ ನಾಲ್ಕು ಮಿಲಿಯನ್ ಡಾಲರ್ ಪರಿಹಾರವನ್ನು ಅದೇ ಸರ್ಕಾರ ಕೊಡಬೇಕಾಯಿತು. ಆ ಪೆಟ್ಟಿಗೆಯ ದಾದಿಯ ಬೊಂಬೆಯು ನಗುಮೊಗದಿಂದಲೇ ಇದೆ. ಅದನ್ನು ಕೊಳ್ಳುವವರು ಈ ಕಥೆಯನ್ನೂ ಜೊತೆಗೆ ಕೊಳ್ಳಬೇಕು. 1961ರಲ್ಲಿ ಬಾರ್ಬಿ ಎಂಬ ಬೊಂಬೆಗೂ ದಾದಿಯ ಉಡುಪು ಬಂದಿತು. ಅದು ಪೂರ್ತಿ ವ್ಯಾಪಾರದ ಮಾತು.

ಬೊಂಬೆಯು ಮನುಷ್ಯರ ಸ್ನೇಹಕ್ಕಾಗಿ ಸಮುದ್ರವನ್ನು ದಾಟಿದ ಕಥೆ ಬೇರೆಯೇ ಇದೆ. ಜಪಾನಿನಲ್ಲಿ ಮಾರ್ಚ್ 3ರಂದು ಹೆಣ್ಣುಮಕ್ಕಳ ಬೊಂಬೆ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳು, ಎತ್ತರದಲ್ಲಿ ಚಕ್ರವರ್ತಿ ಚಕ್ರವರ್ತಿನಿಯರ ಜೋಡಿ, ಕೆಳಗೆ ಪರಿವಾರ. ನಮ್ಮ ಪಟ್ಟದ ಬೊಂಬೆಗಳಿಗೆ ಎಲ್ಲಿಯ ನಂಟು ನೋಡಿ! 1924ರಲ್ಲಿ ಅಮೆರಿಕವು ಜಪಾನೀಯರ ವಲಸೆಯನ್ನು ತಡೆಯುವ ಕಾನೂನನ್ನು ಮಾಡಿದಾಗ ಎರಡು ದೇಶಗಳ ನಡುವೆ ಕಹಿ ಬೆಳೆಯಿತು. ಜಪಾನಿನಲ್ಲಿ ಬಹುಕಾಲ ಇದ್ದು ಬಂದಿದ್ದ ಸಿಡ್ನಿ ಗ್ಯೂಲಿಕ್ ಎಂಬ ಪಾದ್ರಿಯು ಮಕ್ಕಳ ಮೂಲಕ ಅದನ್ನು ಕಳೆಯಲೆತ್ನಿಸಿದನು. 1927ರ ಬೊಂಬೆ ಹಬ್ಬದ ವೇಳೆಗೆ ಹನ್ನೆರಡು ಸಾವಿರಕ್ಕೂ ಮಿಕ್ಕ ಬೊಂಬೆಗಳು ಅಮೆರಿಕದಿಂದ ಜಪಾನಿನ ಶಾಲೆಗಳಿಗೆ ಬಂದವು. ಅವುಗಳಿಗೆ ಹೆಸರುಂಟು, ರಹದಾರಿ ಪತ್ರವುಂಟು, ಮಕ್ಕಳು ಬರೆದ ಕಾಗದವುಂಟು. ಶಿಬುಸಾವ ಐಯಿಚಿ ಎಂಬ ಮಹನೀಯರ ಮುಂದಾಳುತನದಲ್ಲಿ ಜಪಾನೀಯರು ಅದೇ ವರ್ಷ 58 ಬೊಂಬೆಗಳನ್ನು ಮರುಕಾಣಿಕೆಯಾಗಿ ಕಳುಹಿಸಿದರು.

ಹದಿನಾಲ್ಕು ವರ್ಷಗಳಲ್ಲಿ ಯುದ್ಧ ಬಂದಿತು. ಸ್ನೇಹದ ಬೊಂಬೆಗಳು ಶತ್ರುವಿನ ಬೊಂಬೆಗಳಾದವು. ಅವುಗಳನ್ನು ಸುಡಬೇಕು, ಇರಿಯಬೇಕು ಎಂಬ ಕೂಗೆದ್ದಿತು. ಬಹುಪಾಲು ನಾಶವಾದವು. ಸುಮಾರು ಮುನ್ನೂರು ಮಾತ್ರ ಉಳಿದವು. ಉಳಿಸಿದವರಲ್ಲಿ ಶಾಲೆಯ ಉಪಾಧ್ಯಾಯರಿದ್ದರು. ಅಟ್ಟದಲ್ಲಿ, ಉಗ್ರಾಣದ ಮೂಲೆಯಲ್ಲಿ, ಪ್ರಾಣಭಯವನ್ನು ನುಂಗಿಕೊಂಡು ಅವರು ಬಚ್ಚಿಟ್ಟರು. ನನ್ನ ವೃತ್ತಿಯವರು ಮಾಡಿದ ಕೆಲಸವಾದ್ದರಿಂದ ಇದನ್ನು ಇಲ್ಲಿ ವಿಸ್ತರಿಸಿ ಹೇಳಿದ್ದೇನೆಂದು ವಾಚಕರು ತಿಳಿದರೆ ತಪ್ಪಲ್ಲ.

ನಮ್ಮ ದೇಶದ ದೊಡ್ಡ ಬೊಂಬೆ ಭಂಡಾರವೂ ಒಂದು ಕಾಣಿಕೆಯಿಂದಲೇ ಮೊದಲಾಯಿತು. ವ್ಯಂಗ್ಯಚಿತ್ರಕಾರರಾದ ಕೆ. ಶಂಕರ್ ಪಿಳ್ಳೆಯವರು ನಡೆಸುತ್ತಿದ್ದ ಮಕ್ಕಳ ಸ್ಪರ್ಧೆಗೆ ಬಹುಮಾನವಾಗಲೆಂದು ಹಂಗೆರಿಯ ರಾಯಭಾರಿಯು ಕೊಟ್ಟ ಒಂದು ಬೊಂಬೆಯನ್ನು ಕಂಡು ಅವರಿಗೆ ಸಂಗ್ರಹದ ಆಸೆ ಹುಟ್ಟಿತಂತೆ. ದೆಹಲಿಯಲ್ಲಿ ಅವರು ಕಟ್ಟಿದ ಅಂತರರಾಷ್ಟ್ರೀಯ ಬೊಂಬೆಗಳ ಸಂಗ್ರಹಾಲಯವನ್ನು 1965ರ ನವೆಂಬರ್ 30ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಉದ್ಘಾಟಿಸಿದರು. ಮೈಸೂರಿನ ಮಹಾರಾಜರ ಕಾಲೇಜಿನಲ್ಲಿ ಒಂದು ಕಾಲಕ್ಕೆ ಪಾಠ ಹೇಳಿದ್ದ ಅವರು ದಸರೆಯ ಬೊಂಬೆಗಳನ್ನು ಕಾಣದೆ ಇದ್ದಾರೆಯೇ? ಆ ಸಂಗ್ರಹಾಲಯದಲ್ಲಿ ಸುಮಾರು ಎಂಬತ್ತೈದು ದೇಶಗಳ ಆರು ಸಾವಿರಕ್ಕೂ ಮಿಕ್ಕ ಬೊಂಬೆಗಳು ಸೇರಿದವು. ನಮ್ಮ ಹತ್ತಿರದ ಮೈಸೂರಿನಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನವು ದಸರೆಯ ಕಾಲಕ್ಕೆ ನಡೆಸುವ ‘ಬೊಂಬೆ ಮನೆ’ಯೂ ನೋಡತಕ್ಕದ್ದು.

ವಿಪತ್ತಿನಿಂದ ಬೊಂಬೆ ಹುಟ್ಟುವುದನ್ನು ನಾವು ನಮ್ಮ ಕಣ್ಣೆದುರಿಗೇ ಎರಡು ಸಲ ಕಂಡಿದ್ದೇವೆ. 2004ರ ಡಿಸೆಂಬರ್ 26ರಂದು ಸುನಾಮಿಯ ಅಲೆಗಳು ತಮಿಳುನಾಡಿನ ಕರಾವಳಿಯನ್ನು ಕೊಚ್ಚಿದವು. ಪುದುಚೇರಿಯ ಸಮೀಪದ ಆರೋವಿಲ್ಲಿನ ‘ಉಪಾಸನಾ’ ಎಂಬ ಉಡುಪುಗಳ ಕಾರ್ಯಶಾಲೆಯವರು, ಸಮುದ್ರವನ್ನು ಕಂಡರೆ ನಡುಗುತ್ತಿದ್ದ ಬೆಸ್ತರ ಹೆಂಗಸರ ಕೈಗೆ ತಮ್ಮಲ್ಲಿ ಉಳಿದ ಚಿಂದಿ ಬಟ್ಟೆಗಳನ್ನು ಕೊಟ್ಟು ಬೆರಳುದ್ದದ ಬೊಂಬೆಗಳನ್ನು ಮಾಡಿಸಿದರು. ‘ಸುನಾಮಿಕಾ’ ಎಂದು ಅದರ ಹೆಸರು. ಇದನ್ನು ಮಾರುವುದಿಲ್ಲ, ಕೊಡುತ್ತಾರೆ. ಪಡೆದವರು ಮನಸ್ಸಿದ್ದರೆ ಕಾಣಿಕೆ ಕೊಡಬಹುದು. ಆ ಹಣದಿಂದ ಇನ್ನಷ್ಟು ಬೊಂಬೆಗಳು. ಹೀಗೆ ಲಕ್ಷಗಟ್ಟಲೆ ಸುನಾಮಿಕೆಯರು ಲೋಕದ ಹತ್ತಾರು ದೇಶಗಳನ್ನು ಸೇರಿದ್ದಾರೆ. ಕೈಗೆ ಕೆಲಸ ಸಿಕ್ಕಿದೊಡನೆ ದುಃಖವು ತೀರಿತೆಂದಲ್ಲ. ಆದರೆ ನಾಲ್ಕು ಮಂದಿ ಒಟ್ಟಿಗೆ ಕುಳಿತು ಮಾತನಾಡುವುದಕ್ಕೆ ಒಂದು ನೆಪವಾಯಿತು.

ಎರಡನೆಯದು ಕೇರಳದ್ದು. 2018ರ ಆಗಸ್ಟಿನ ಪ್ರವಾಹದಲ್ಲಿ ಎರ್ನಾಕುಲಂ ಜಿಲ್ಲೆಯ ಚೇಂದಮಂಗಲದ ಕೈಮಗ್ಗಗಳು ಮುಳುಗಿ, ಓಣಂ ಹಬ್ಬಕ್ಕಾಗಿ ನೇಯ್ದಿಟ್ಟಿದ್ದ ಸೀರೆಗಳೆಲ್ಲ ಕೆಸರಾದವು. ಸುಡುವುದೊಂದೇ ದಾರಿಯೆಂದು ನೇಕಾರರು ಕೈಚೆಲ್ಲಿದ್ದರು. ಲಕ್ಷ್ಮೀ ಮೆನನ್, ಗೋಪಿನಾಥ್ ಪಾರಯಿಲ್ ಎಂಬ ಇಬ್ಬರು ಆ ಬಟ್ಟೆಯನ್ನು ತೊಳೆಸಿ, ಕತ್ತರಿಸಿ, ಬೊಂಬೆಗಳನ್ನು ಕಟ್ಟಿಸಿದರು. ಮಲೆಯಾಳದಲ್ಲಿ ‘ಚೇರು’ ಎಂದರೆ ಕೆಸರು, ‘ಕುಟ್ಟಿ’ ಎಂದರೆ ಮಗು. ಬೊಂಬೆಗೆ ‘ಚೇಕುಟ್ಟಿ’ ಎಂದು ಹೆಸರಾಯಿತು. ಬೊಂಬೆಯೊಂದಕ್ಕೆ 25 ರೂಪಾಯಿ. ಒಂದು ಸೀರೆಯಿಂದ 360 ಬೊಂಬೆಗಳು. ಎಂದರೆ ಸಾವಿರದ ಮುನ್ನೂರು ರೂಪಾಯಿಗೆ ಮಾರಬೇಕಾಗಿದ್ದ ಸೀರೆಗೆ ಒಂಬತ್ತು ಸಾವಿರ. ಬೊಂಬೆಯ ಮೈಮೇಲೆ ಕೆಸರಿನ ಕಲೆ ಹಾಗೆಯೇ ಉಳಿದಿರುತ್ತದೆ. ಕಲೆಯಿಲ್ಲದಿದ್ದರೆ ಅದು ಚೇಕುಟ್ಟಿಯೇ ಅಲ್ಲ. ಸೇಲಂ ಪಟ್ಟಣದಲ್ಲಿ ಮಗ್ಗವನ್ನೇ ನಂಬಿ ಬದುಕಿದ ಕನ್ನಡದ ದೇವಾಂಗ ಬಂಧುಗಳಿಗೆ ಒಂದು ನೇಯ್ಗೆ ಕೆಸರಾಗುವುದೆಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಕೌರವರ ವಸ್ತ್ರವನ್ನುಟ್ಟ ಉತ್ತರೆಯ ಬೊಂಬೆಗಳು ಗೆಲುವಿನ ಗುರುತು. ಈ ಬೊಂಬೆಗಳು ನಷ್ಟದ ಗುರುತು. ನನ್ನ ಮನಸ್ಸಿಗೆ ಎರಡನೆಯವೇ ಹತ್ತಿರ.

2020ರಲ್ಲಿ ಕೊರೋನಾ ಬಂದಿತು. ಆ ವರ್ಷದ ನವರಾತ್ರಿಯಲ್ಲಿ ನೆಂಟರಿಷ್ಟರು ಮನೆಗೆ ಬರುವಂತಿರಲಿಲ್ಲ. ಬೊಂಬೆ ಬಾಗಿನಕ್ಕೆ ಮಕ್ಕಳೂ ಇಲ್ಲ. ಆದರೂ ಅನೇಕ ಮನೆಗಳಲ್ಲಿ ಶೆಟ್ಟಿಯ ಅಂಗಡಿಯ ಪಕ್ಕದಲ್ಲಿ, ಮುಖಕ್ಕೆ ಮುಸುಕು ಕಟ್ಟಿದ ವೈದ್ಯ, ದಾದಿ, ಪೊಲೀಸಿನವನು, ಕಸ ಗುಡಿಸುವವಳು ಬೊಂಬೆಗಳಾಗಿ ಬಂದು ನಿಂತರು. ಮರುವರ್ಷ ಬಾರ್ಬಿ ಕಂಪೆನಿಯೂ ಆರು ಮಂದಿ ಆರೋಗ್ಯಸೇವಕಿಯರ ಹೋಲಿಕೆಯ ಬೊಂಬೆಗಳನ್ನು ಹೊರತಂದಿತು. ಅವರಲ್ಲೊಬ್ಬಳು ನ್ಯೂಯಾರ್ಕಿನ ದಾದಿ. ಆದರೆ ನಮ್ಮ ಮೆಟ್ಟಿಲಿಗೆ ದಾದಿಯನ್ನು ಕರೆತಂದವರು ಯಾವ ಕಂಪೆನಿಯವರೂ ಅಲ್ಲ, ಮನೆಯ ಹೆಂಗಸರೇ. ಕೆಲವರು ಮಣ್ಣಿನ ಬೊಂಬೆ ಸಿಕ್ಕದೆ, ಹಳೆಯ ಪ್ಲಾಸ್ಟಿಕ್ ಬೊಂಬೆಗೆ ಬಿಳಿಯ ಕರ್ಚೀಫನ್ನು ಸುತ್ತಿ ಕೆಲಸ ಸಾಗಿಸಿದರು. ಸಂಗ್ರಾಹಕನ ಕಣ್ಣಿಗೆ ಇವು ಅಗ್ಗದ ಸರಕು. ಮುಂದೆ ಐವತ್ತು ವರ್ಷಗಳ ಮೇಲೆ ಬೆಲೆ ಬರುವುದು ಇವಕ್ಕೇ ಎಂದು ನನ್ನ ಎಣಿಕೆ.

ನಾನು ಬಲ್ಲ ಒಂದು ಮನೆಯಲ್ಲಿ ಈ ವಿಷಯವಾಗಿ ಒಂದು ಸಣ್ಣ ವ್ಯಾಜ್ಯವೇ ನಡೆಯಿತು. ಮೊಮ್ಮಗಳು ದಾದಿಯ ಶಿಕ್ಷಣಕ್ಕೆ ಸೇರಿದ್ದಳು. ರಜೆಗೆ ಬರುವಾಗ ಸಂತೆಯಿಂದ ಬಿಳಿಸೀರೆಯ ಮಣ್ಣಿನ ದಾದಿಯನ್ನು ತಂದು ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಲ್ಲೇ ಇಟ್ಟಳು. “ಅಲ್ಲಿ ದೇವರು ಕೂರೋ ಜಾಗ ಕಣೆ, ತೆಗಿ” ಎಂದರು ಅಜ್ಜಿ. “ನೀನು ಆಸ್ಪತ್ರೇಲಿ ಮಲಗಿದ್ದಾಗ ರಾತ್ರಿಯೆಲ್ಲ ಯಾರಜ್ಜಿ ಕೂತಿದ್ದು, ದೇವರೇನು?” ಎಂದಳು ಹುಡುಗಿ. ಅಜ್ಜಿ ಉತ್ತರ ಹೇಳಲಿಲ್ಲ. ಬೊಂಬೆಯನ್ನು ಒಂದು ಮೆಟ್ಟಿಲು ಕೆಳಕ್ಕಿಳಿಸಿ, ಹಣೆಗೆ ಕುಂಕುಮದ ಬೊಟ್ಟನ್ನಿಟ್ಟು, ಅಲ್ಲಿಯೇ ಬಿಟ್ಟರು. ಈಗ ಪ್ರತಿವರ್ಷವೂ ಅದು ಅಲ್ಲಿಯೇ ಕೂರುತ್ತದೆ.

ನಮ್ಮ ಸೀಮೆಗೆ ದಾದಿಯರ ಚರಿತ್ರೆಯೇನೂ ದೂರದ್ದಲ್ಲ. ಕೃಷ್ಣಗಿರಿ, ಧರ್ಮಪುರಿಗಳ ಕುಟುಂಬಗಳು ದೊಡ್ಡ ಕಾಯಿಲೆಯೆಂದರೆ ವೆಲ್ಲೂರಿನ ಬಸ್ಸನ್ನು ಹತ್ತುವುದುಂಟು. ರಾಣಿಪೇಟೆಯಲ್ಲಿ 1870ರಲ್ಲಿ ಹುಟ್ಟಿದ ಈಡಾ ಸ್ಕಡ್ಡರ್ ಎಂಬಾಕೆ, ಹೆರಿಗೆಯ ನೋವಿನಲ್ಲಿದ್ದ ಮೂವರು ಹೆಂಗಸರು ಗಂಡುವೈದ್ಯನನ್ನು ಕರೆಯಲೊಲ್ಲದ ಮನೆಗಳಲ್ಲಿ ಒಂದೇ ರಾತ್ರಿ ಸತ್ತುದನ್ನು ಕಂಡು ವೈದ್ಯಳಾದಳು. 1900ರಲ್ಲಿ ಒಂದೇ ಹಾಸಿಗೆಯಿಂದ ಮೊದಲಾದ ಆಸ್ಪತ್ರೆಯಲ್ಲಿ 1909ರಷ್ಟು ಹಿಂದೆಯೇ ದಾದಿಯರ ಶಾಲೆಯನ್ನು ತೆರೆದಳು. 1946ರಲ್ಲಿ ಅಲ್ಲಿ ದಾದಿಯರಿಗೆ ಪದವಿ ಶಿಕ್ಷಣವೂ ಬಂದಿತು. ವೈದ್ಯರ ಕಾಲೇಜು ಬಂದದ್ದು 1918ರಲ್ಲಿ. ದಾದಿಯರ ಶಾಲೆಯೇ ಅಕ್ಕ.

ಧರ್ಮಪುರಿ ಜಿಲ್ಲೆಯಲ್ಲಿಯೇ, ಕಲ್ವರಾಯನ್ ಮತ್ತು ಸಿತ್ತೇರಿ ಬೆಟ್ಟಗಳ ನಡುವಣ ಸಿಟ್ಟಿಲಿಂಗಿ ಕಣಿವೆಯಲ್ಲಿ, ರೆಗಿ ಜಾರ್ಜ್ ಮತ್ತು ಲಲಿತಾ ಎಂಬ ವೈದ್ಯ ದಂಪತಿಗಳು 1993ರಲ್ಲಿ ಒಂದು ಗುಡಿಸಲಿನಲ್ಲಿ ಚಿಕಿತ್ಸೆಯನ್ನು ಪ್ರಾರಂಭಿಸಿದರು. ಆಗ ಅಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 147 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಹೊರಗಿನಿಂದ ದಾದಿಯರು ಬರಲಿಲ್ಲ, ಬಂದರೂ ನಿಲ್ಲುತ್ತಿರಲಿಲ್ಲ. ಆದ್ದರಿಂದ ಅದೇ ಕಣಿವೆಯ ಗಿರಿಜನ ಹುಡುಗಿಯರಿಗೆ ಕಲಿಸಿದರು. ಸೂಜಿಮದ್ದು, ಹೆರಿಗೆ, ಶಸ್ತ್ರಚಿಕಿತ್ಸೆಯ ನೆರವು, ಎಲ್ಲವನ್ನೂ ಅವರು ಕಲಿತರು. ಶಿಶುಮರಣದ ಸಂಖ್ಯೆ ಕಾಲಕ್ರಮದಲ್ಲಿ ಇಪ್ಪತ್ತರ ಆಸುಪಾಸಿಗೆ ಇಳಿಯಿತು. ಅದೇ ಕಣಿವೆಯ ಲಂಬಾಣಿ ಹೆಂಗಸರು ಮರೆತುಹೋಗುತ್ತಿದ್ದ ತಮ್ಮ ಕಸೂತಿಯನ್ನು ‘ಪೊರ್ಗೈ’ ಎಂಬ ಹೆಸರಿನಲ್ಲಿ ಮತ್ತೆ ಹಿಡಿದಿದ್ದಾರೆ. ಅವರ ಮಾತಿನಲ್ಲಿ ಹಾಗೆಂದರೆ ಹೆಮ್ಮೆ. ದಾದಿಯರೂ ಇದ್ದಾರೆ, ಬಟ್ಟೆಯೂ ಇದೆ, ಸೂಜಿ ಹಿಡಿದ ಕೈಗಳೂ ಇವೆ. ನಮ್ಮ ಜಿಲ್ಲೆಯ ದಾದಿಯ ಬೊಂಬೆಯನ್ನು ಯಾರಾದರೂ ಮಾಡಿಸುವುದಾದರೆ ಸ್ಕುಟಾರಿಯವರೆಗೆ ಹೋಗಬೇಕಾಗಿಲ್ಲ.

ಇನ್ನು ಪೆಟ್ಟಿಗೆಯ ವಿಷಯ. ಗಡಿಸೀಮೆಯ ಎಷ್ಟೋ ಮನೆಗಳು ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿ ಬಾಡಿಗೆಯ ಎರಡು ಕೋಣೆಗಳಲ್ಲಿ ನೆಲಸಿವೆ. ಒಂಬತ್ತು ಮೆಟ್ಟಿಲುಗಳಿಗೆ ಅಲ್ಲಿ ಸ್ಥಳವಿಲ್ಲ. ಹಳೆಯ ಬೊಂಬೆಗಳು ಅಟ್ಟದಲ್ಲಿ ಗೆದ್ದಲು ಹಿಡಿಯುತ್ತವೆ, ಇಲ್ಲವೆ ಹಳೆಯ ಸಾಮಾನು ಕೊಳ್ಳುವವನ ಚೀಲಕ್ಕೆ ಬೀಳುತ್ತವೆ. ಕೈ ಮುರಿದ ಬೊಂಬೆಯನ್ನು ಮನೆಯಲ್ಲಿಡಬಾರದೆಂದು ಬಾವಿಗೆ ಹಾಕುವುದೂ ಉಂಟು. ಬೊಂಬೆಗೆ ಹೊಸ ಬಣ್ಣ ಹೊಡೆಯುವ ಚಾಪಲ್ಯವನ್ನು ಮೊದಲು ಬಿಡಬೇಕು. ಎನಾಮೆಲ್ ಬಳಿದ ಹಳೆಯ ಬೊಂಬೆಗೆ ಮುಖವೇ ಉಳಿಯುವುದಿಲ್ಲ. ಮಣ್ಣಿನ ಬೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ಒಣಗಿದ ಮೆತ್ತನೆಯ ಕುಂಚ ಸಾಕು. ಒಗೆದು ಹಳತಾದ ಪಂಚೆಯ ತುಂಡಿನಲ್ಲಿ ಸುತ್ತಿ, ಒಣಗಿದ ಬೇವಿನೆಲೆಗಳನ್ನು ಸೇರಿಸಿ, ಗೋಡೆಗೆ ತಾಗದಂತೆ ಇಡಬೇಕು. ಸುದ್ದಿಪತ್ರಿಕೆಯ ಹಾಳೆಯಲ್ಲಿ ಸುತ್ತಿದರೆ ಮಸಿ ಅಂಟುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಚೀಟಿ. ಈ ಬೊಂಬೆ ಯಾರ ಮದುವೆಯಲ್ಲಿ ಬಂದದ್ದು, ಯಾವ ಊರಿನಿಂದ, ಯಾವ ವರ್ಷ. ಚೇಕುಟ್ಟಿಯಾದರೆ ಯಾವ ಪ್ರವಾಹದ್ದು, ಮುಸುಕಿನ ದಾದಿಯಾದರೆ ಯಾರ ಜ್ಞಾಪಕಕ್ಕೆ. ಜಪಾನಿನಲ್ಲಿ ಉಳಿದ ಬೊಂಬೆಗಳ ಪೈಕಿ ಹೆಸರು ಹಚ್ಚಲು ಸಾಧ್ಯವಾದದ್ದು ರಹದಾರಿ ಪತ್ರವನ್ನೋ ಕಾಗದವನ್ನೋ ಜೊತೆಯಲ್ಲಿಯೇ ಬಚ್ಚಿಟ್ಟಿದ್ದವುಗಳಿಗೆ. ಚೀಟಿಯನ್ನು ಬರೆಯುವುದಕ್ಕೆ ಸೀಸದ ಕಡ್ಡಿ ಒಳ್ಳೆಯದು, ಶಾಯಿ ಹರಡುತ್ತದೆ. ಬೊಂಬೆಗೆ ಅಂಟಿಸದೆ ದಾರದಿಂದ ಕಾಲಿಗೆ ಕಟ್ಟಬೇಕು. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳಿರುವ ಮನೆಗಳಲ್ಲಿ ಅಜ್ಜಿ ಹೇಳುವುದು, ಮಗು ಬರೆಯುವುದು ಎಂದು ಕೆಲಸವನ್ನು ಹಂಚಿಕೊಂಡರೆ, ನವರಾತ್ರಿಗೆ ಮೊದಲಿನ ಒಂದು ಭಾನುವಾರದಲ್ಲಿ ಒಂದು ಪೆಟ್ಟಿಗೆಯ ಕೆಲಸ ಮುಗಿಯುತ್ತದೆ.